ನಾನು ತೆಗೆದುಕೊಳ್ಳದ ನಿವೃತ್ತಿ

ನಾನು ಟೇಬಲ್ ಟೆನಿಸ್‌ನಿಂದ ನಿವೃತ್ತಳಾಗಿದ್ದೇನೆ ಎಂಬ ಸುದ್ದಿಯನ್ನು ನನಗೆ ಮೊದಲು ಕೊಟ್ಟವನು ನಮ್ಮ ಬೀದಿಯ ಮೀನಂಗಡಿಯ ಮುದುಕ.

ಹೊಸ ವರ್ಷದ ರಜೆಯ ಕೊನೆಯ ದಿನ, ಸೋಮವಾರ. ತೊಯಾಮಾದಲ್ಲಿ ಮಂಡಿಯುದ್ದ ಹಿಮ ಬಿದ್ದಿತ್ತು. ಒಂದು ತುಂಡು ಬುರಿ ಮೀನು ಕೇಳಿದರೆ ಆತ ಎರಡು ಕಟ್ಟಿದ.

“ಇರ್ಲಿ, ಇಟ್ಕೊಳ್ಳಿ ಕುನುಗಿ ಸಾನ್. ಇಷ್ಟು ವರ್ಷ ಆಡಿ ಆಡಿ ದಣಿದಿದ್ದೀರಿ.”

“ಇನ್ನೂ ದಣಿದಿಲ್ಲ ತಾತ.”

“ನಮ್ಮ ಹತ್ರ ಏನು ಮುಚ್ಚುಮರೆ? ನನ್ನ ಸೊಸೆ ನಿಮ್ಮ ಕಂಪನೀಲೇ ಪ್ಯಾಕಿಂಗ್ ಮಾಡೋದು. ಒಳ್ಳೇ ವಯಸ್ಸಲ್ಲೇ ಬಿಟ್ರಿ ಬಿಡಿ. ಮಂಡಿ ಪೂರ್ತಿ ಹೋಗೋ ಮುಂಚೆ.”

ಬಿಟ್ಟಿ ಮೀನು ಸಿಕ್ಕಿತೆಂದು ನಕ್ಕು ಬಂದೆ. ಮನೆಯಲ್ಲಿ ಅದಕ್ಕೆ ಉಪ್ಪು ಸವರುವಾಗ ಆತ ಹೇಳಿದ ಮಾತು ಗಂಟಲಿನ ಮುಳ್ಳಿನಂತೆ ಚುಚ್ಚತೊಡಗಿತು. ಏನನ್ನು ಬಿಟ್ಟೆ ನಾನು?

ಮರುದಿನ ಬೆಳಿಗ್ಗೆ ಆಫೀಸಿಗೆ ಹೋದರೆ ನನ್ನ ಮೇಜಿಗೆ ಒಂದು ಹೊಸ ಖಾನೆ ಬಂದಿತ್ತು. ಬೀಗದ ಕೈ ಸಮೇತ.

ನಮ್ಮದು ಓಗಿತಾನಿ ಕಂಪನಿ. ಮೀನನ್ನು ಅರೆದು ಹಬೆಯಲ್ಲಿ ಬೇಯಿಸಿ ಕಾಮಾಬೊಕೊ ಮಾಡುತ್ತೇವೆ. ಮದುವೆಗಾದರೆ ಅದನ್ನೇ ಇಡೀ ಮೀನಿನ ಆಕಾರದಲ್ಲಿ ಎರಕ ಹೊಯ್ದು, ಮೇಲೆ ಕೆಂಪು ಬಣ್ಣದ ಹುರುಪೆ ಬಿಡಿಸಿ ಕೊಡುತ್ತೇವೆ. ಇದರ ಜತೆಗೆ ಕಂಪನಿ ಒಂದು ಹೆಂಗಸರ ಟೇಬಲ್ ಟೆನಿಸ್ ತಂಡವನ್ನೂ ಸಾಕಿಕೊಂಡಿದೆ. ಬೆಳಿಗ್ಗೆ ನಾವು ಮದುವೆಯ ಆರ್ಡರುಗಳಿಗೆ ಮುದ್ರೆ ಒತ್ತುತ್ತೇವೆ, ಮಧ್ಯಾಹ್ನದ ಊಟವಾದ ಮೇಲೆ ಕಾರ್ಖಾನೆಯ ಹಿಂದಿನ ಜಿಮ್ನಾಸಿಯಮ್ಮಿನಲ್ಲಿ ಆಡುತ್ತೇವೆ. ಸಂಬಳ ಆಟಕ್ಕೆ, ಮುದ್ರೆ ಮರ್ಯಾದೆಗೆ. ಇಂಥವಳ ಮೇಜಿಗೆ ಬೀಗ ಹಾಕುವ ಖಾನೆ ಯಾಕೆ?

“ಇನ್ಮೇಲೆ ಪೂರ್ತಿ ದಿನ ಇಲ್ಲೇ ಇರ್ತೀರಲ್ಲ,” ಎಂದರು ಸೆಕ್ಷನ್ ಮುಖ್ಯಸ್ಥ ಹೊರಿಕಿರಿ. ಅವರ ಕಣ್ಣು ಒದ್ದೆಯಾಗಿತ್ತು. “ಬ್ಯಾಟ್ ಹಿಡಿದ ಕೈ. ಮೌಸ್ ಹಿಡಿಯೋಕೆ ಮೊದಮೊದಲು ಬೇಜಾರಾಗುತ್ತೆ. ನಾವೆಲ್ಲ ಇದೀವಿ.”

ಮೈ ಪರಚಿಕೊಳ್ಳುವಂತಾಯಿತು. ಊರಿಗೆಲ್ಲ ಲಗ್ನಪತ್ರಿಕೆ ಹಂಚಿಯಾಗಿದೆ, ಮದುಮಗಳನ್ನು ಮಾತ್ರ ಕೇಳಿಲ್ಲ.

ಎಲ್ಲಿ ಶುರುವಾಯಿತು ಇದು ಎಂದು ಮುದ್ರೆ ಒತ್ತುತ್ತಾ ಒತ್ತುತ್ತಾ ಯೋಚಿಸಿದೆ. ಹೊಳೆದಾಗ ತಲೆ ಚಚ್ಚಿಕೊಂಡೆ.

ವರ್ಷದ ಕೊನೆಯ ವಾರ ನಮ್ಮಲ್ಲಿ ದೊಡ್ಡ ಶುಚಿ. ಮನೆ, ಶಾಲೆ, ಆಫೀಸು, ಎಲ್ಲ ಕಡೆ ಎಲ್ಲರೂ ಚಿಂದಿ ಬಟ್ಟೆ ಹಿಡಿದು ಮಂಡಿಯೂರುವ ದಿನ. ಜಿಮ್ನಾಸಿಯಮ್ಮಿನಲ್ಲಿ ನನ್ನ ಕಪಾಟನ್ನು ನಾನು ಪೂರ್ತಿ ಖಾಲಿ ಮಾಡಿದೆ, ಯಾಕೆಂದರೆ ಅದರಲ್ಲಿ ಹುಳ ಸೇರಿಕೊಂಡಿತ್ತು. ಹರಿದ ಬೂಟು ಎಸೆದೆ. ಎರಡು ಹಳೆಯ ಬ್ಯಾಟುಗಳನ್ನು ತಂಡದ ಕಿರಿಯಳು ಅಮಾನೊ ರಿಂಕೊಗೆ ಕೊಟ್ಟೆ, ಯಾಕೆಂದರೆ ಆಕೆ ಕೇಳಿದಳು. ಹೊರಡುವಾಗ ಎಲ್ಲರಂತೆ ಜಿಮ್ನಾಸಿಯಮ್ಮಿಗೆ ತಲೆ ಬಾಗಿಸಿದೆ. ಸೊಂಟ ಹಿಡಿದುಕೊಂಡಿತು. ಮೇಲೇಳಲು ಎಲ್ಲರಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಬಾಗಿಲಲ್ಲಿ ಕೋಚ್ ಉತ್ಸುಮಿ ನಿಂತಿದ್ದರು. ಅದನ್ನೆಲ್ಲ ನೋಡಿದ್ದರು.

“ಕುನುಗಿ... ಮುಂದಿನ ಸೀಸನ್ ವಿಷಯ... ನೀನು ಏನಾದ್ರೂ...”

“ಹೌದು ಕೋಚ್, ಅದು... ನಾನೂ ಯೋಚನೆ ಮಾಡ್ತಾನೇ ಇದ್ದೆ... ಮಂಡಿ ಬೇರೆ...”

“ಹ್ಞೂಂ. ಅರ್ಥವಾಯ್ತು.”

ಮಂಡಿ ನೋಯುವುದರಿಂದ ಬ್ಯಾಟಿಗೆ ಹೊಸ ಬಗೆಯ ರಬ್ಬರು ಹಾಕಿಸಿ ನೋಡಬೇಕೆಂದಿದ್ದೇನೆ, ಕಂಪನಿ ಕೊಡಿಸುತ್ತದೆಯೇ ಎಂಬುದು ನನ್ನ ಪ್ರಶ್ನೆ. ಪ್ರಶ್ನೆ ಬಾಯಿಂದ ಹೊರಗೆ ಬರಲಿಲ್ಲ. ನಮ್ಮಲ್ಲಿ ಮಾತನ್ನು ಪೂರ್ತಿ ಹೇಳುವವರನ್ನು ಒರಟರು ಎನ್ನುತ್ತಾರೆ. ಅರ್ಧ ಹೇಳಬೇಕು, ಉಳಿದರ್ಧವನ್ನು ಎದುರಿನವರು ಗಾಳಿಯಲ್ಲಿ ಓದಿಕೊಳ್ಳಬೇಕು. ಕೋಚ್ ಓದಿಕೊಂಡರು. ರಬ್ಬರು ಕೇಳಲು ಹೋದವಳಿಗೆ ನಿವೃತ್ತಿ ಕೊಟ್ಟು ಕಳಿಸಿದರು.

ಅಂದೇ ಮಧ್ಯಾಹ್ನ ಅವರ ಮುಂದೆ ಹೋಗಿ ನಿಂತೆ. ಅವರು ಚೆಂಡುಗಳನ್ನು ಒರೆಸಿ ಬುಟ್ಟಿಗೆ ಹಾಕುತ್ತಿದ್ದರು.

“ಕೋಚ್, ನಾನು ಆಟ ಬಿಡ್ತೀನಿ ಅಂತ ನಿಮ್ಮ ಹತ್ರ ಯಾವಾಗ ಹೇಳ್ದೆ?”

“ಹೇಳ್ಲಿಲ್ಲ,” ಎಂದರು ಮೆಲ್ಲಗೆ. “ಅದೇ ನಿನ್ನ ದೊಡ್ಡತನ.”

“ಅಲ್ಲ, ನಾನು...”

“ಗೊತ್ತು. ನಾನು ಬಿಟ್ಟಾಗ್ಲೂ ಹೀಗೇ ಆಗಿತ್ತು. ಒಂದಿನ ಬಿಟ್ಟೆ ಅನ್ಸುತ್ತೆ, ಇನ್ನೊಂದಿನ ಬಿಡ್ಲಿಲ್ಲ ಅನ್ಸುತ್ತೆ. ಬೇಸಿಗೆ ಹೊತ್ತಿಗೆ ಸರಿಹೋಗುತ್ತೆ.” ಒಂದು ಚೆಂಡನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು, ಮಗುವಿಗೆ ಮಿಠಾಯಿ ಕೊಟ್ಟಂತೆ. “ಹೋಗು. ಬಿಸಿನೀರಲ್ಲಿ ಮಂಡಿ ಇಳಿಬಿಟ್ಕೊಂಡು ಕೂತ್ಕೋ.”

ಸಂಜೆ ಅಮ್ಮನಿಗೆ ಫೋನ್ ಮಾಡಿದೆ. ನಮ್ಮ ಅಪ್ಪನದು ನಾಗಾವೊಕಾದಲ್ಲಿ ಕ್ಷೌರದಂಗಡಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಟೇಬಲ್ಲಿತ್ತು. ಗಿರಾಕಿಗಳು ಸರದಿ ಕಾಯುವಾಗ ನನ್ನ ಜತೆ ಆಡುತ್ತಿದ್ದರು. ದೊಡ್ಡವರು ಜೋರಾಗಿ ಬಾರಿಸುತ್ತಿದ್ದರು, ನಾನು ಹಿಂದೆ ಹಿಂದೆ ಸರಿದು, ಗೋಡೆಗೆ ಬೆನ್ನು ತಾಗುವವರೆಗೂ ಸರಿದು, ಚೆಂಡನ್ನು ಕೆಳಗಿನಿಂದ ಕೊಯ್ದು ವಾಪಸು ಕಳಿಸುತ್ತಿದ್ದೆ. ಅದೇ ನನ್ನ ಆಟವಾಯಿತು. ಅದರಿಂದಲೇ ದೂರದ ಶಾಲೆಗೆ ಹೋದೆ, ಒಂದು ಚಳಿಗಾಲ ಜರ್ಮನಿಯ ಯಾವುದೋ ಸಣ್ಣ ಊರಿನ ಕ್ಲಬ್ಬಿಗೆ ಹೋಗಿ ಬರೀ ಆಲೂಗಡ್ಡೆ ತಿಂದೆ, ತೋಕಿಯೊದ ವೃತ್ತಿಪರ ತಂಡದಲ್ಲಿ ಆಡಿದ್ದಕ್ಕಿಂತ ಹೆಚ್ಚು ಬೆಂಚು ಕಾಯ್ದೆ, ಕೊನೆಗೆ ಮೀನಿನ ವಾಸನೆಯ ಈ ಜಿಮ್ನಾಸಿಯಮ್ಮಿಗೆ ಬಂದೆ. ಮೂವತ್ತೊಂದಾಯಿತು. ಇಲ್ಲಿಗೆ ಬಂದ ಮೇಲೆ ಮೊದಲ ಬಾರಿಗೆ, ಹೋದ ಶರತ್ಕಾಲದಲ್ಲಿ, ನನ್ನ ಕೈ ಹೇಳಿದ ಮಾತನ್ನು ಚೆಂಡು ಕೇಳತೊಡಗಿತ್ತು. ಇನ್ನೊಂದು ಸೀಸನ್ ಬೇಕು. ಒಂದೇ ಒಂದು. ಇದನ್ನು ಯಾರಿಗೆ ಹೇಳಲಿ?

“ಅಮ್ಮ, ನಾನು ಬಿಟ್ಟಿಲ್ಲ.”

“ಚಿಸಾತೊ, ಹಾಗೆಲ್ಲ ಮಾತಾಡ್ಬೇಡ್ವೇ. ನಿಮ್ಮ ಕೋಚ್ ಎಷ್ಟು ಮರ್ಯಾದೆಯಿಂದ ಫೋನ್ ಮಾಡಿ ಹೇಳಿದ್ರು. ನಿಮ್ಮಪ್ಪ ಆಗ್ಲೇ ಧೂಪ ಹಚ್ಚಿ ಅಜ್ಜಿ ಫೋಟೋಗೆ ವಿಷಯ ತಿಳಿಸಿಬಿಟ್ರು. ಸತ್ತವರಿಗೆ ಹೇಳಿದ್ಮೇಲೆ ವಾಪಸ್ ತಗೊಳ್ಳೋಕಾಗುತ್ತೇನೇ?”

“ಅಜ್ಜಿಗೆ ನಾನೇ ಹೇಳ್ತೀನಿ.”

“ಅಜ್ಜಿ ಎಷ್ಟು ಖುಷಿಯಾಗಿರ್ತಾರೆ ಗೊತ್ತಾ ಈಗ?”

ಫೋನ್ ಇಟ್ಟೆ.

ಮುಂದಿನ ವಾರಗಳಲ್ಲಿ ನಾನು ಬಾಯಿ ಬಿಟ್ಟಾಗಲೆಲ್ಲ ಪರಿಸ್ಥಿತಿ ಇನ್ನಷ್ಟು ಹದಗೆಟ್ಟಿತು. ಅಮಾನೊ ರಿಂಕೊ ಬಂದು, “ಸೆಂಪಾಯ್, ಸುಮ್ನೆ ಕೇಳ್ತಿದೀನಿ, ನಿಮಗೆ ಯಾವ ಹೂವು ಇಷ್ಟ?” ಎಂದಳು. ಕಿರಿಯರು ಹಿರಿಯ ಆಟಗಾರ್ತಿಯನ್ನು ಸೆಂಪಾಯ್ ಎನ್ನುವುದು. ಸುಮ್ಮನೆ ಕೇಳುವವಳು ಪೆನ್ನು ಯಾಕೆ ಹಿಡಿದಿದ್ದಳು?

“ರಿಂಕೊ, ನಾನೆಲ್ಲೂ ಹೋಗ್ತಿಲ್ಲ. ಹೂವು ಬೇಡ.”

“ಹೂವು ಬೇಡ ಅನ್ನೋಷ್ಟು ನೋವಾಗಿದೆ ನಿಮಗೆ.” ಅಳುತ್ತಾ ಓಡಿದಳು. ಮರುದಿನದಿಂದ ಇಡೀ ತಂಡ ನನ್ನ ಮುಂದೆ ಪಿಸುಮಾತಿನಲ್ಲಿ ಮಾತನಾಡತೊಡಗಿತು. ಅಭ್ಯಾಸದಲ್ಲಿ ಯಾರೂ ಚೆಂಡನ್ನು ನನ್ನ ಮೈಮೇಲೆ ಬಾರಿಸಲಿಲ್ಲ.

ಫೆಬ್ರವರಿಯಲ್ಲಿ ನನ್ನ ಜಾಗಕ್ಕೆ ಬರುವ ಹುಡುಗಿ ಬಂದಳು. ಶಿರಾತೊ ಕೊಹಾರು, ಅವೊಮೊರಿಯವಳು, ಹೈಸ್ಕೂಲು ಮುಗಿಸುತ್ತಿದ್ದಳು. ಅವಳ ಅಪ್ಪ ಅಮ್ಮ ತಮ್ಮ ತೋಟದ ಸೇಬಿನ ಪೆಟ್ಟಿಗೆ ಹೊತ್ತು ತಂದು ನನ್ನ ಕೋಣೆಯ ಬಾಗಿಲಲ್ಲಿ ತಲೆ ಬಾಗಿಸಿ ನಿಂತರು. ಕಂಪನಿಯ ವಸತಿಗೃಹದಲ್ಲಿ ನನ್ನ ಕೋಣೆಯೇ ಅವಳಿಗೆ ಸಿಗುವುದಂತೆ. ಪರದೆ ಹೊಲಿಸಲು ಕಿಟಕಿ ಅಳೆಯಬಹುದೇ ಎಂದು ಅವಳಮ್ಮ ನೆಲ ನೋಡುತ್ತಾ ಕೇಳಿದರು.

ಇಲ್ಲ ಎನ್ನಬೇಕಿತ್ತು. ಆ ಹೆಂಗಸಿನ ಕೈಯಲ್ಲಿ ಚಳಿಗೆ ಬಿರಿದ ಗೆರೆಗಳು. ಸಾವಿರ ಕಿಲೋಮೀಟರು ರೈಲಿನಲ್ಲಿ ಬಂದು ಮುಖ ಬಾಡಿತ್ತು. ಅಳತೆ ಪಟ್ಟಿಯ ಇನ್ನೊಂದು ತುದಿಯನ್ನು ನಾನೇ ಹಿಡಿದೆ. ಸೇಬನ್ನೂ ತಿಂದೆ. ಚೆನ್ನಾಗಿತ್ತು, ಅದೇ ಸಿಟ್ಟು.

ಹುಡುಗಿ ಮಾತ್ರ ನನ್ನ ಕಪಾಟಿನ ಮೇಲಿನ ಬ್ಯಾಟನ್ನೇ ನೋಡುತ್ತಿದ್ದಳು. “ನೀವು ಕೊಯ್ಯೋ ಆಟ ಆಡೋರಾ? ನಮ್ಮ ಕಡೆ ಯಾರೂ ಆಡಲ್ಲ ಅದನ್ನ. ಹಳೇ ಕಾಲದ್ದಲ್ವಾ?”

“ಕೊಹಾರು!” ಎಂದು ಅವಳಮ್ಮ ತಿವಿದರು.

ಆ ಮನೆಯವರಲ್ಲಿ ನನಗೆ ಇಷ್ಟವಾದವಳು ಅವಳೊಬ್ಬಳೇ.

ಫೆಬ್ರವರಿಯ ಕೊನೆಯ ಶನಿವಾರ ನನ್ನ ಬೀಳ್ಕೊಡುಗೆ ಆಟ. ಕಂಪನಿಯ ರೂಢಿ ಇದು: ಬಿಡುವವಳು ತನ್ನ ಜಾಗಕ್ಕೆ ಬರುವವಳ ಜತೆ ಒಂದು ಗೇಮ್ ಆಡಬೇಕು. ಬರುವವಳು ಅಂದವಾಗಿ ಸೋಲಬೇಕು. ಆಮೇಲೆ ಹೂವು, ಭಾಷಣ, ಎಲ್ಲರೂ ಸೇರಿ ಬಿಡುವವಳನ್ನು ಮೂರು ಸಲ ಮೇಲಕ್ಕೆ ಹಾರಿಸಿ ಹಿಡಿಯುವುದು. ಜಿಮ್ನಾಸಿಯಮ್ಮಿಗೆ ಕೆಂಪು ಬಿಳಿ ಪಟ್ಟೆಯ ಪರದೆ ಕಟ್ಟಿದ್ದರು. ಮಡಚುವ ಕುರ್ಚಿಗಳಲ್ಲಿ ಆಫೀಸಿನವರು, ಪ್ಯಾಕಿಂಗಿನವರು, ಹಬೆ ವಿಭಾಗದ ಹೆಂಗಸರು ಬಿಳಿ ಟೋಪಿಯಲ್ಲೇ ಬಂದು ಕೂತಿದ್ದರು. ಮುಂದೆ ಮಾಲೀಕರು, ಓಗಿತಾನಿ ಅಜ್ಜ. ಅವರ ಪಕ್ಕದ ಮೇಜಿನ ಮೇಲೆ ದಿಂಬಿನಷ್ಟು ದೊಡ್ಡ ಕಾಮಾಬೊಕೊ ಮೀನು. ಅದರ ಹೊಟ್ಟೆಯ ಮೇಲೆ ಕೆಂಪು ಅಕ್ಷರದಲ್ಲಿ ನನ್ನ ಹೆಸರು.

ಆಟ ಶುರುವಾಯಿತು. ಶಿರಾತೊ ಮೊದಲ ಚೆಂಡನ್ನು ನೆಟ್ಟಿಗೆ ಹಾಕಿದಳು. ಎರಡನೆಯದನ್ನು ಹೊರಕ್ಕೆ ತಳ್ಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೂರನೆಯದನ್ನು ಟೇಬಲ್ಲಿನ ನಡುವಿಗೆ ಮೆತ್ತಗೆ, ಮಗುವನ್ನು ತೊಟ್ಟಿಲಲ್ಲಿಟ್ಟಂತೆ ಇಟ್ಟಳು.

ನನ್ನ ಆಟ ಎಂಥದ್ದೆಂದರೆ ಎದುರಿನವಳು ಬಾರಿಸಿದರೆ ಮಾತ್ರ ಅದಕ್ಕೆ ಜೀವ. ಅವಳ ಪೆಟ್ಟಿನಲ್ಲಿರುವ ಸುತ್ತನ್ನೇ ತೆಗೆದುಕೊಂಡು ನಾನು ತಿರುಗಿಸಿ ಕಳಿಸುವುದು. ಬಾರಿಸದವಳ ಎದುರು ನಾನು ಟೇಬಲ್ಲಿನಿಂದ ಎರಡು ಮಾರು ದೂರ ಕಾಲಗಲಿಸಿ ನಿಂತ ಬೆದರುಗೊಂಬೆ. ಗಾಳಿ ಗುದ್ದಿ ಮೈ ನೋಯಿಸಿಕೊಂಡಂತೆ, ಎರಡು ತಿಂಗಳಿಂದ ಎಲ್ಲರ ಎದುರೂ ನನಗೆ ಆಗಿದ್ದು ಇದೇ. ಒಬ್ಬರಾದರೂ ಮುಖಕ್ಕೆ ಹೊಡೆದಂತೆ, ‘ನಿನಗೆ ವಯಸ್ಸಾಯ್ತು, ನೀನು ಬೇಡ’ ಎಂದಿದ್ದರೆ ಅದನ್ನು ತಿರುಗಿಸಿ ಕಳಿಸುತ್ತಿದ್ದೆ. ಯಾರೂ ಹೊಡೆಯಲಿಲ್ಲ. ಎಲ್ಲರೂ ಮೆತ್ತಗೆ ತಂದು ಇಟ್ಟರು.

ಆರು ಸೊನ್ನೆ ಆಯಿತು.

“ಹೊಡಿ,” ಎಂದೆ.

ಶಿರಾತೊ ಕೋಚ್ ಕಡೆ ನೋಡಿದಳು. ಕೋಚ್ ಅಂಗೈಯನ್ನು ಕೆಳಗೆ ಮಾಡಿ, ಮೆಲ್ಲಗೆ ಮೆಲ್ಲಗೆ ಎಂದು ಸನ್ನೆ ಮಾಡಿದರು.

“ಅಲ್ಲಿ ಏನು ನೋಡ್ತೀಯ? ನನ್ನ ನೋಡು. ಹೊಡಿ.”

“ಸೋಲ್ಬೇಕು ಅಂತ ಹೇಳಿದಾರೆ,” ಎಂದಳು ಗಟ್ಟಿಯಾಗಿ.

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಅವಳಮ್ಮ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡರು. ನಾನು ಬ್ಯಾಟನ್ನು ಟೇಬಲ್ಲಿನ ಮೇಲಿಟ್ಟು ಜನರ ಕಡೆ ತಿರುಗಿದೆ.

“ನಾನು ಆಟ ಬಿಡ್ತಿಲ್ಲ. ಬಿಡ್ತೀನಿ ಅಂತ ಯಾರ ಹತ್ರಾನೂ ಹೇಳಿಲ್ಲ. ಕೋಚ್ ತಪ್ಪು ತಿಳ್ಕೊಂಡ್ರು, ನಾನು ಸರಿಯಾಗಿ ಹೇಳ್ಲಿಲ್ಲ. ಮುಂದಿನ ಸೀಸನ್ ನಾನು ಆಡ್ಬೇಕು. ಅಷ್ಟೇ.”

ಪ್ಯಾಕಿಂಗಿನ ಸಾಲಿನಿಂದ ಒಂದು ಬಿಕ್ಕು. ಹೊರಿಕಿರಿ ಕರವಸ್ತ್ರ ತೆಗೆದರು. ಓಗಿತಾನಿ ಅಜ್ಜ ಕನ್ನಡಕ ಒರೆಸಿಕೊಂಡು, “ನೋಡಿ, ನೋಡಿ, ಕೊನೇ ಗಳಿಗೇಲೂ ಎಂಥ ಛಲ!” ಎಂದು ಚಪ್ಪಾಳೆ ತಟ್ಟಿದರು. ಎಲ್ಲರೂ ಎದ್ದು ನಿಂತು ತಟ್ಟಿದರು. ರಿಂಕೊ ಹೂಗುಚ್ಛ ಎತ್ತಿಕೊಂಡು ಹೊರಟೇಬಿಟ್ಟಳು.

ಟೇಬಲ್ಲನ್ನು ಎತ್ತಿ ಹಾಕಬೇಕೆನ್ನಿಸಿತು.

“ನಿಜ ಹೇಳ್ತಿದ್ದೀರಾ?” ಶಿರಾತೊ ಟೇಬಲ್ಲಿನ ಆಚೆಯಿಂದ ಕೇಳಿದಳು. “ಇವರೆಲ್ಲ ಅಳ್ತಿದಾರೆ, ಅದಕ್ಕೆ ಕೇಳ್ದೆ.”

“ನಿಜ.”

“ಹಾಗಾದ್ರೆ ನನ್ನ ಜಾಗ?”

“ಗೊತ್ತಿಲ್ಲ. ಆಡಿ ನೋಡೋಣ. ಐದು ಗೇಮಲ್ಲಿ ಮೂರು.”

“ನಾನು ಗೆದ್ರೆ?”

“ರಿಂಕೊ ಕೈಯಲ್ಲಿರೋ ಹೂವು ಇಸ್ಕೊಂಡು ನಾಗಾವೊಕಾಗೆ ಹೋಗ್ತೀನಿ.”

ಅವಳು ಜಾಕೆಟ್ಟಿನ ಜಿಪ್ ಎಳೆದು ಕುರ್ಚಿಯ ಮೇಲೆ ಎಸೆದಳು. ಅವಳಮ್ಮ ಏನೋ ಅಂದರು. ಅವಳು ಕೇಳಿಸಿಕೊಳ್ಳಲಿಲ್ಲ.

ಸೊನ್ನೆ ಸೊನ್ನೆಯಿಂದ ಶುರು. ಮೊದಲ ಚೆಂಡನ್ನೇ ಅವಳು ನನ್ನ ಪಕ್ಕೆಲುಬಿಗೆ ಗುರಿಯಿಟ್ಟು ಬಾರಿಸಿದಳು. ಕಣ್ಣಿಗೆ ಕಾಣಿಸದಷ್ಟು ವೇಗ. ನಾನು ಹಿಂದಕ್ಕೆ ಹಾರಿದೆ, ಪರದೆಗೆ ಬೆನ್ನು ತಾಗಿತು, ಮಂಡಿ ಕಿರುಗುಟ್ಟಿತು, ಚೆಂಡನ್ನು ನೆಲದಿಂದ ಗೇಣುದ್ದದಲ್ಲಿ ಕೊಯ್ದೆ. ಅದು ನೆಟ್ಟಿನ ಮೇಲೆ ಅಂಟಿಕೊಂಡಂತೆ ತೇಲಿ ಆಚೆ ಇಳಿಯಿತು. ಅವಳು ಮತ್ತೆ ಬಾರಿಸಿದಳು. ಅಬ್ಬ! ಮಳೆಗಾಲದಲ್ಲಿ ಮುಚ್ಚಿದ್ದ ಮನೆಯ ಬಾಗಿಲು ತೆಗೆದಂತಾಯಿತು.

ಮೊದಲ ಗೇಮ್ ಅವಳದು. ಎರಡನೆಯದರಲ್ಲಿ ನನ್ನ ಚೆಂಡಿನ ಭಾರ ಅವಳಿಗೆ ತಿಳಿಯಲಿಲ್ಲ; ನಾಲ್ಕು ಚೆಂಡು ಒಂದೇ ಸಮನೆ ನೆಟ್ಟಿಗೆ ಹೋದವು, ಅವಳು ತನ್ನ ಬ್ಯಾಟನ್ನೇ ದುರುಗುಟ್ಟಿ ನೋಡಿದಳು. ಚಪ್ಪಾಳೆ ಯಾವಾಗಲೋ ನಿಂತಿತ್ತು. ಜನರಿಗೆ ಏನು ಮಾಡಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಬೆ ವಿಭಾಗದ ಗಂಟೆ ಹೊಡೆಯಿತು, ಟೋಪಿಯ ಹೆಂಗಸರಲ್ಲಿ ಅರ್ಧ ಜನ ಎದ್ದು ಹೋದರು. “ಇದು ಎಷ್ಟೊತ್ತು?” ಎಂದು ಓಗಿತಾನಿ ಅಜ್ಜ ಕೋಚ್‌ರನ್ನು ಕೇಳಿದ್ದು ನನಗೂ ಕೇಳಿಸಿತು. ಕೋಚ್ ಕುರ್ಚಿಯ ಅಂಚಿಗೆ ಬಂದು ಕೂತಿದ್ದರು.

ಇಬ್ಬರಿಗೂ ಎರಡೆರಡು ಗೇಮ್ ಆಗಿ, ಐದನೆಯ ಗೇಮಿನಲ್ಲಿ ಹತ್ತು ಹತ್ತು. ಇನ್ನು ಎರಡು ಪಾಯಿಂಟ್ ಮುಂದೆ ಹೋದವಳು ಗೆದ್ದಂತೆ. ನನ್ನ ಒಂದು ಚೆಂಡು ಟೇಬಲ್ಲಿನ ಅಂಚನ್ನು ಸವರಿ ಕೆಳಗೆ ಜಾರಿತು. ಅದೃಷ್ಟದ ಪಾಯಿಂಟ್. ಅಂಥ ಪಾಯಿಂಟು ಬಂದರೆ ಕೈ ಎತ್ತಿ ಕ್ಷಮೆ ಕೇಳುವುದು ನಮ್ಮ ಪದ್ಧತಿ. ಕೈ ತಾನಾಗಿಯೇ ಎದ್ದಿತು.

“ಇರ್ಲಿ ಬಿಡಿ, ಸರ್ವ್ ಮಾಡಿ,” ಎಂದಳು ಶಿರಾತೊ, ಬೆವರನ್ನು ತೋಳಿಗೆ ಒರೆಸುತ್ತಾ.

ಸರ್ವ್ ಮಾಡಿದೆ. ಅವಳು ಬಾರಿಸಿದಳು, ಕೊಯ್ದೆ, ಬಾರಿಸಿದಳು, ಕೊಯ್ದೆ. ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ಓಡಿಸಿದಳು. ಒಂದು ಚೆಂಡಿಗೆ ಮಾತ್ರ ನಾನು ಸುತ್ತು ಕೊಡದೆ, ಕೊಟ್ಟವಳಂತೆ ಕೈ ಬೀಸಿ ಬರಿದಾಗಿ ಕಳಿಸಿದೆ. ಭಾರವಿದೆಯೆಂದುಕೊಂಡು ಅವಳು ಅದನ್ನು ಬಲವಾಗಿ ಎತ್ತಿದಳು. ಚೆಂಡು ಟೇಬಲ್ಲನ್ನು ದಾಟಿ, ನನ್ನನ್ನು ದಾಟಿ, ಕೆಂಪು ಬಿಳಿ ಪರದೆಗೆ ಬಡಿಯಿತು.

ಹನ್ನೆರಡು ಹತ್ತು, ಗೆದ್ದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಕೋಚ್ ಎದ್ದು ಬಂದರು. ನನ್ನನ್ನಲ್ಲ, ಶಿರಾತೊಳನ್ನು ಕೇಳಿದರು. “ಆ ಕೊನೇ ಚೆಂಡು ಬರಿದು ಅಂತ ಗೊತ್ತಾಗ್ಲಿಲ್ವಾ?”

“ಒಂದೂ ಗೊತ್ತಾಗ್ಲಿಲ್ಲ. ಇಂಥವರ ಜತೆ ಆಡೇ ಇಲ್ಲ ನಾನು.”

“ಬೇರೆ ತಂಡದ ನಿನ್ನ ವಯಸ್ಸಿನ ಹುಡುಗೀರೂ ಆಡಿಲ್ಲ,” ಎಂದು ಕೋಚ್ ತಮಗೆ ತಾವೇ ಎಂಬಂತೆ ಹೇಳಿದರು. ಆಮೇಲೆ ಮಾಲೀಕರ ಮುಂದೆ ಹೋಗಿ ಸೊಂಟದವರೆಗೆ ಬಾಗಿದರು. “ನನ್ನ ತಪ್ಪು. ಇಬ್ಬರೂ ಬೇಕು.”

ಓಗಿತಾನಿ ಅಜ್ಜ ನನ್ನನ್ನು ನೋಡಿದರು, ಹುಡುಗಿಯನ್ನು ನೋಡಿದರು, ಮೇಜಿನ ಮೇಲಿದ್ದುದನ್ನು ನೋಡಿದರು. “ಹಾಗಾದ್ರೆ ಈ ಮೀನನ್ನ ಏನು ಮಾಡೋದು?”

“ತಿನ್ನೋಣ,” ಎಂದಳು ಶಿರಾತೊ. “ಹಸಿವಾಗಿದೆ.”

ನನ್ನ ಹೆಸರನ್ನು ಹೋಳು ಹೋಳಾಗಿ ಕತ್ತರಿಸಿ ಎಲ್ಲರೂ ತಿಂದರು. ರಿಂಕೊ ಹೂವನ್ನು ಯಾರಿಗೆ ಕೊಡಬೇಕೋ ತಿಳಿಯದೆ ಕೊನೆಗೆ ಶಿರಾತೊಳ ಅಮ್ಮನಿಗೆ ಕೊಟ್ಟಳು. ಆಕೆ ಯಾಕೆ ಎಂದು ಕೇಳದೆ ತಲೆ ಬಾಗಿಸಿ ತೆಗೆದುಕೊಂಡರು. ಕೋಣೆ ಶಿರಾತೊಗೇ ಹೋಯಿತು, ಪರದೆ ಹೊಲಿದಾಗಿತ್ತು. ನನಗೆ ರಿಂಕೊಳ ಕೋಣೆಯಲ್ಲಿ ಅರ್ಧ ಜಾಗ. ಆಕೆ ನಿದ್ದೆಯಲ್ಲೂ ಅಳುತ್ತಾಳೆ.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಸೋಮವಾರ ಕೋಚ್ ಕರೆದರು.

“ಎಲ್ಲ ವಿಭಾಗಕ್ಕೂ ಹೋಗಿ ಕ್ಷಮೆ ಕೇಳಿ ಬಾ. ಕೈಯಲ್ಲಿ ಏನಾದ್ರೂ ತಿಂಡಿ ಹಿಡ್ಕೊಂಡು ಹೋಗು.”

“ಯಾತಕ್ಕೆ ಕ್ಷಮೆ?”

“ಬಿಡದೇ ಇದ್ದಿದ್ದಕ್ಕೆ.”

“ನಾನು ಬಿಡ್ತೀನಿ ಅಂತ ಹೇಳೇ ಇರ್ಲಿಲ್ಲ!”

“ಹೌದು. ಅದನ್ನ ಹೇಳ್ಬೇಡ. ಕ್ಷಮಿಸಿ ಅಂತ ಮಾತ್ರ ಹೇಳು.”

ಹೋದೆ. ಅಕ್ಕಿ ಬಿಸ್ಕತ್ತಿನ ಡಬ್ಬಿಗಳನ್ನು ಎದೆಗೆ ಅವುಚಿಕೊಂಡು ಆಫೀಸು, ಪ್ಯಾಕಿಂಗ್, ಗೋದಾಮು ಸುತ್ತಿದೆ. ತೊಂದರೆ ಕೊಟ್ಟೆ ಕ್ಷಮಿಸಿ, ಇನ್ನೂ ಆಡುತ್ತೇನೆ ಕ್ಷಮಿಸಿ. ಹೊರಿಕಿರಿ ಹೊಸ ಖಾನೆಯ ಬೀಗದ ಕೈಯನ್ನು ವಾಪಸು ಇಸಿದುಕೊಂಡರು, ಮುಖ ಸಿಂಡರಿಸಿಕೊಂಡು.

ಕೊನೆಗೆ ಹಬೆ ವಿಭಾಗ. ಕಣ್ಣು ಕಾಣದಷ್ಟು ಹಬೆ. ಅದರೊಳಗಿಂದ ಅಲ್ಲಿನ ಹಿರಿಯಳು ನೆಗಿಶಿ ಅಜ್ಜಿ ಕೈಗವಸು ಕಳಚುತ್ತಾ ಬಂದಳು.

“ಹಂಗಾದ್ರೆ ನಾನು ಅವತ್ತು ಅತ್ತಿದ್ದು ದಂಡನಾ?”

“ಕ್ಷಮಿಸಿ ಅಜ್ಜಿ.”

“ನನ್ನ ಗಂಡ ಸತ್ತಾಗ್ಲೂ ಅಷ್ಟು ಅತ್ತಿರ್ಲಿಲ್ಲ ಕಣೇ. ಮುಂದಿನ ವರ್ಷನಾದ್ರೂ ಬಿಡ್ತೀಯೋ ಇಲ್ವೋ? ಈಗ್ಲೇ ಹೇಳ್ಬಿಡು.”

“ಬಿಡಲ್ಲ.”

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಡಬ್ಬಿಯ ಮುಚ್ಚಳ ತೆಗೆದು, ಎರಡು ಬಿಸ್ಕತ್ತು ಎತ್ತಿಕೊಂಡು ಏಪ್ರನ್ನಿನ ಜೇಬಿಗೆ ಹಾಕಿದಳು. ಆಮೇಲೆ ಇನ್ನೆರಡು.